ಬಾಗಿಲ ಮೇಲಿನ ಲೋಳೆಸರ

ಲೋಳೆಸರದ ಗಿಡ ಬೆಕ್ಕಿಗೆ ಆಗುತ್ತದೆಯೋ, ಆಗುವುದಿಲ್ಲವೋ? ಇಷ್ಟೇ ಪ್ರಶ್ನೆ. ಇದಕ್ಕೆ ನೆಟ್ಟಗೆ ಒಂದು ಉತ್ತರ ಕೇಳಿಕೊಂಡು ನಾನು ಇಳಕಲ್ಲಿನಿಂದ ಹುನಗುಂದಕ್ಕೆ, ಆಮೇಲೆ ಬಾಗಲಕೋಟೆಗೆ, ಅಲ್ಲಿಂದ ಬಾದಾಮಿಗೆ ಅಲೆದೆ. ಸಿಕ್ಕವರೆಲ್ಲ ಉತ್ತರ ಕೊಟ್ಟರು. ಮನುಷ್ಯರಿಗೆ ಆಗುತ್ತದೆ ಎಂದರು, ಕುದುರೆಗೆ ಆಗುತ್ತದೆ ಎಂದರು, ಕುರಿ ಮುಟ್ಟುವುದಿಲ್ಲ ಎಂದರು. ಬೆಕ್ಕು ಎಂದ ಕೂಡಲೇ ನಕ್ಕರು. ಇದೆಲ್ಲ ಆಗಿ ನಲವತ್ತು ವರ್ಷದ ಮೇಲಾಯಿತು. ಆ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಾವು ನೇಕಾರರು. ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗವಿಲ್ಲದ ಮನೆ ಇರಲಿಲ್ಲ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಮೊಳಕಾಲು ಮುಳುಗುವಷ್ಟು ಕುಣಿ ತೋಡಿರುತ್ತಾರೆ. ನೇಯುವವನು ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ನನ್ನ ಆಯುಷ್ಯದ ಮುಕ್ಕಾಲು ಭಾಗ ನನ್ನ ಕಾಲುಗಳು ಆ ಕುಣಿಯಲ್ಲೇ ಇದ್ದವು.

ಆ ಮನೆಯ ತಲಬಾಗಿಲ ಚೌಕಟ್ಟಿಗೆ ಒಂದು ಮೊಳೆ. ಆ ಮೊಳೆಗೆ ಕರಿದಾರದಲ್ಲಿ ಕಟ್ಟಿದ ಲೋಳೆಸರದ ಗಿಡ, ಬೇರು ಮೇಲೆ, ಎಲೆ ಕೆಳಗೆ. ದೃಷ್ಟಿ ತಾಗದಿರಲೆಂದು ನಮ್ಮ ಕಡೆ ಹೀಗೆ ತೂಗುಹಾಕುತ್ತಾರೆ. ಮಣ್ಣು ಬೇಡ, ನೀರು ಬೇಡ, ದಪ್ಪ ಎಲೆಯೊಳಗಿನ ಲೋಳೆಯ ಮೇಲೆಯೇ ಅದು ವರ್ಷಗಟ್ಟಲೆ ಬದುಕುತ್ತದೆ. ಇದನ್ನು ಕಟ್ಟಿದವನು ನನ್ನ ಅಪ್ಪ, ಹೊಸ ಮಗ್ಗ ಹೂಡಿದ ದಿನ. ಮರುವರ್ಷವೇ ಅವನು ತೀರಿಕೊಂಡ. ಆಮೇಲೆ ಪ್ಲೇಗು ಬಂತು. ಊರಿಗೆ ಊರೇ ಮನೆಗೆ ಕೀಲಿ ಹಾಕಿ ಹೊಲಗಳಲ್ಲಿ ಗುಡಿಸಲು ಹೂಡಿತು. ನಾಲ್ಕು ತಿಂಗಳ ಮೇಲೆ ನಾವು ಮರಳಿ ಬಂದು ನೋಡಿದರೆ, ಗಿಡ ಸಾಯುವುದಿರಲಿ, ನಡುವಿನಿಂದ ಒಂದು ಹೊಸ ಎಲೆ ಹೊರಟು ಆಕಾಶದ ಕಡೆಗೆ ಬಾಗಿತ್ತು. ನಮ್ಮ ಮನೆಯಲ್ಲಿ ಆ ಸಲ ಒಂದು ಹೆಣವೂ ಬಿದ್ದಿರಲಿಲ್ಲ. ನಮ್ಮವ್ವ ಹೊಸ್ತಿಲ ಮೇಲೆ ಕುಳಿತು ಅತ್ತುಬಿಟ್ಟಳು.

ಅಂದಿನಿಂದ ಅವಳಿಗೊಂದು ರೂಢಿಯಾಯಿತು. ಒಳಗೆ ಬರುವಾಗ, ಹೊರಗೆ ಹೋಗುವಾಗ, ಕೈ ಎತ್ತಿ ಆ ಎಲೆಯ ತುದಿ ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುವಳು. ತಲೆಯ ಮೇಲೆ ಕೊಡವಿದ್ದರೂ ಬಿಡುತ್ತಿರಲಿಲ್ಲ. ನೀರು ಚೆಲ್ಲುತ್ತದೆ ಎಂದು ನಾನು ರೇಗುತ್ತಿದ್ದೆ. ರೇಗುವುದು ನನ್ನ ಹುಟ್ಟುಗುಣ, ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಪ್ಲೇಗಿನ ಮರುವರ್ಷ ಓಣಿಯ ತುಂಬ ಇಲಿ. ನೇಕಾರನ ಮನೆಯ ಇಲಿಗೆ ಕಾಳುಕಡ್ಡಿ ಬೇಕಾಗಿಲ್ಲ, ನೂಲೇ ಸಾಕು. ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲು, ಗಟ್ಟಿಯಾಗಲೆಂದು ನಾವು ಅದಕ್ಕೆ ಜೋಳದ ಗಂಜಿ ಹಚ್ಚುತ್ತೇವೆ. ಇಲಿಗೆ ಅದು ಹಬ್ಬದೂಟ. ಹೀಗಿರುವಾಗ ನನ್ನ ಹೆಂಡತಿ ತವರಿಗೆ ಹೋದವಳು ಬರುವಾಗ ಒಂದು ಬೆಕ್ಕು ತಂದಳು. ಅವಳ ತವರು ಗುಳೇದಗುಡ್ಡ. ಕುಬಸದ ಖಣ ನೇಯುವ ಮನೆ. ಖಣದ ಒಂದು ತುಂಡಿನಲ್ಲಿ ಬಾಯಿ ಕಟ್ಟಿದ ಬುಟ್ಟಿಯೊಳಗಿಂದ ಬೂದು ಬಣ್ಣದ, ಪಟ್ಟೆಪಟ್ಟೆಯ ಮರಿಯೊಂದು ಹೊರಬಂದು, ಮನೆಯನ್ನೆಲ್ಲ ಒಂದು ಸುತ್ತು ಮೂಸಿ, ನೆಟ್ಟಗೆ ನನ್ನ ಮಗ್ಗದ ಕುಣಿಗೆ ಇಳಿದು ನನ್ನ ಪಾದದ ಪಕ್ಕ ಮಲಗಿತು. ಅದರ ಜಾಗ ಅಂದೇ ನಿಶ್ಚಯವಾಯಿತು. ನನಗೆ ಯಾರ ಮೇಲೂ ಬೇಗ ಪ್ರೀತಿ ಹುಟ್ಟುವುದಿಲ್ಲ. ಈ ಬೆಕ್ಕಿನ ಮೇಲೆ ಹುಟ್ಟಿತು. ಹೆಂಡತಿಗಂತೂ ಅದು ತವರಿನ ಜೀವ. ಮಗಳಿಗೆ ಹಾಲು ಕುಡಿಸುವಾಗಲೂ ಕಣ್ಣು ಅದರ ಮೇಲೆಯೇ.

ಎರಡು ವರ್ಷ ಬೆಕ್ಕು ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ಆದರೂ ಒಂದು ದಿನ ಮಗ್ಗದ ಮೇಲಿದ್ದ ಹೊಸ ಹಾಸನ್ನು ಇಲಿ ಕಡಿದುಬಿಟ್ಟಿತು. ಅಂಗೈ ಅಗಲದ ಜಾಗ, ನೂರಾರು ಎಳೆ. ಒಂದೊಂದನ್ನೂ ಹುಡುಕಿ, ಬೆರಳು ನೆಕ್ಕಿ, ಹೊಸೆದು ಕೂಡಿಸುವುದಕ್ಕೆ ಇಡೀ ದಿನ ಹೋಯಿತು. ಕತ್ತು ಹಿಡಿದುಕೊಂಡು, ಕಣ್ಣು ಕೆಂಪಾಗಿ ನಾನು ಎದ್ದಾಗ ಹೆಂಡತಿ ಆ ಕಡೆ ಮಗಳಿಗೆ ಹಾಲು ಬಿಡಿಸುತ್ತಿದ್ದಳು. ಕಿರಾಣಿ ಅಂಗಡಿಯಿಂದ ತಂದ ಕರಿಬೋಳವನ್ನು ತೇದು ಮೊಲೆಗೆ ಹಚ್ಚಿಕೊಂಡಿದ್ದಳು. ಕರಿಬೋಳ ಅಂದರೆ ಕಲ್ಲಿನಂಥ ಕಪ್ಪು ಗಟ್ಟಿ, ವಿಪರೀತ ಕಹಿ. ಮಗು ಒಂದು ಸಲ ಬಾಯಿ ಹಾಕಿ, ಮುಖ ಕಿವುಚಿ, ಕಿರುಚಿ ದೂರ ಓಡಿತು. ನನಗೆ ಆಗ ಹೊಳೆಯಿತು. ಮಗು ಓಡುವುದಾದರೆ ಇಲಿಯೂ ಓಡಬೇಕಲ್ಲ?

ಮುಂದಿನ ಗಂಜಿ ಕುದಿಸಿದ ದಿನ, ಹೆಂಡತಿ ಅತ್ತ ತಿರುಗಿದಾಗ, ಅಡಿಕೆಯಷ್ಟು ಕರಿಬೋಳ ಅದರಲ್ಲಿ ಕರಗಿಸಿದೆ. ಯಾರಿಗೂ ಹೇಳಲಿಲ್ಲ. ಹೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ಒಂದು ಮನೆಯವರು ಗಂಜಿಗೆ ಎಣ್ಣೆ ಬಿಡುತ್ತಾರೆ, ಇನ್ನೊಂದು ಮನೆಯವರು ಅಂಟು ಹಾಕುತ್ತಾರೆ, ಯಾರು ಎಷ್ಟು ಹಾಕುತ್ತಾರೆಂಬುದು ಓಣಿಯಲ್ಲಿ ಇನ್ನೊಬ್ಬರಿಗೆ ಗೊತ್ತಾಗಬಾರದು. ಅಪ್ಪ ನನಗೆ ನಮ್ಮ ಮನೆಯ ಹದ ಹೇಳಿಕೊಟ್ಟದ್ದು ಹಾಸಿಗೆ ಹಿಡಿದ ಮೇಲೆ. ನಮ್ಮವ್ವ ಪಕ್ಕದಲ್ಲೇ ಇದ್ದಳು. "ಇದರಾಗ ಏನೂ ಕೂಡಸಬ್ಯಾಡ, ಏನೂ ಕಡಿಮಿ ಮಾಡಬ್ಯಾಡ," ಎಂದು ಅವನು ನನ್ನ ಕೈ ಹಿಡಿದುಕೊಂಡು ಹೇಳಿದ್ದ. ನಾನು ಹೂಂ ಎಂದಿದ್ದೆ.

ಬೆಳಿಗ್ಗೆ ಓಣಿಯಲ್ಲಿ ಹಾಸು ಬಿಗಿದು, ಆ ಕಡೆ ಹೆಂಡತಿ, ಈ ಕಡೆ ನಾನು, ಕುಂಚದಿಂದ ಗಂಜಿ ಹಚ್ಚಿದೆವು.

"ಗಂಜಿ ಯಾಕ್ರಿ ಕಪ್ಪ ಕಾಣ್ತದ?" ಎಂದಳು.

"ಮಡಕಿ ಹೊತ್ತಿರಬೇಕು. ಸುಮ್ನ ಹಚ್ಚು."

ಹಾಸು ಕಡುನೀಲಿಯದು, ಒಣಗಿದ ಮೇಲೆ ಏನೂ ಕಾಣಲಿಲ್ಲ. ಇಲಿ ಆ ಹಾಸಿನ ನೂಲಿಗೆ ಬಾಯಿ ಹಾಕಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಓಣಿಯ ಯಾವ ಬುದ್ಧಿವಂತನಿಗೂ ಹೊಳೆಯದ್ದು ನನಗೆ ಹೊಳೆಯಿತಲ್ಲ ಎಂದು ಮೀಸೆ ತಿರುವಿಕೊಂಡು ನೇಯ್ದೆ. ಆ ತಿಂಗಳು ನನಗೆ ಹೊಟ್ಟೆ ಸರಿಯಿರಲಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಚರಿಗೆ ಹಿಡಿದು ಓಡಬೇಕಾಗುತ್ತಿತ್ತು. ಹೆಂಡತಿ ಚಟ್ನಿಗೆ ಮೆಣಸಿನಕಾಯಿ ಜಾಸ್ತಿ ಹಾಕುತ್ತಾಳೆ ಎಂದು ಅವಳ ಮೇಲೆ ಹರಿಹಾಯ್ದೆ.

ಬೆಕ್ಕು ಕಾಯಿಲೆ ಬಿದ್ದದ್ದು ಆಗಲೇ. ಮೊದಲ ದಿನ ಬಿಳಿ ನೊರೆ ಕಾರಿತು. ಮರುದಿನ ಭೇದಿ. ಹಾಲಿನ ಬಟ್ಟಲಿನ ಹತ್ತಿರ ಹೋಗಿ ಮುಖ ತಿರುಗಿಸಿಕೊಂಡು ಬರುವುದು, ಕುಣಿಗಿಳಿದು ಮಲಗುವುದು, ಎದ್ದು ಮೈ ನೆಕ್ಕಿಕೊಳ್ಳುವುದು, ಮತ್ತೆ ಕಾರುವುದು. ವಾರದಲ್ಲಿ ಬೆನ್ನೆಲುಬು ಎಣಿಸುವಂತಾಯಿತು. ಆಗ ನನ್ನ ಹೆಂಡತಿಗೆ ಬಾಗಿಲ ಮೇಲಿನ ಗಿಡ ಕಣ್ಣಿಗೆ ಬಿತ್ತು. ತೂಗಾಡುವ ಎಲೆ ಕಂಡರೆ ಬೆಕ್ಕು ಬಿಡುತ್ತದೆಯೇ? ಪಕ್ಕದ ಜೋಳದ ಚೀಲದ ಮೇಲಿಂದ ಅದು ಹಾರಿ ಹಾರಿ ಪಂಜ ಬಡಿಯುತ್ತಿದ್ದುದನ್ನು ನಾವೆಲ್ಲ ನೋಡಿದ್ದೆವು. ಒಂದು ಎಲೆಯ ಅಂಚಿನಲ್ಲಿ ಹಲ್ಲಿನ ಗುರುತೂ ಇತ್ತು.

"ಅತ್ತಿ, ಇಲ್ಲಿ ನೋಡ್ರಿ. ಇದನ್ನ ಕಚ್ಚೇ ಅದಕ್ಕ ಹಿಂಗಾಗೇತಿ," ಎಂದಳು.

ನಮ್ಮವ್ವ ಸೆಟೆದು ನಿಂತಳು. "ಲೋಳಸರ ತಿಂದು ಯಾರರ ಕೆಟ್ಟಾರೇನ? ನಿನ್ನ ಗಂಡ ಸಣ್ಣಾಂವ ಇದ್ದಾಗ ಕೆಮ್ಮು ಬಂದ್ರ ಇದರ ತಿರುಳ ಸುಟ್ಟು ಜೇನಿನಾಗ ನೆಕ್ಕಸೇನಿ. ನೋಡು, ಕ್ವಾಣ ಆದಂಗ ಆಗ್ಯಾನ."

"ಅವರು ಬೆಕ್ಕಲ್ಲಲ್ರಿ, ಅತ್ತಿ."

"ಬೆಕ್ಕಿಗಿಂತ ಅತ್ತತ್ತ."

ಇಬ್ಬರೂ ನನ್ನ ಕಡೆ ತಿರುಗಿದರು. ಹಲ್ಲಿನ ಗುರುತು ಕಂಡದ್ದು ಖರೆ, ಬೆಕ್ಕು ಸಾಯುತ್ತಿರುವುದೂ ಖರೆ. ಗಿಡವನ್ನು ಸ್ವಲ್ಪ ದಿನ ಇಳಿಸಿಡು ಎಂದೆ. ಇಳಿಸಿದರೆ ತಾನೂ ಮನೆಯಿಂದ ಇಳಿಯುತ್ತೇನೆ ಎಂದಳು ಅವ್ವ. ಅಂದಿನಿಂದ ಹಗಲೆಲ್ಲ ಇದೇ ಜಗಳ. ನಾನು ಮಗ್ಗದಲ್ಲಿ ಕುಳಿತರೆ ಬಲಗಿವಿಗೆ ಅತ್ತೆ, ಎಡಗಿವಿಗೆ ಸೊಸೆ, ಕಾಲ ಬಳಿ ಕಾರುವ ಬೆಕ್ಕು. ಲಾಳಿ ತಪ್ಪಿ ತಪ್ಪಿ ಬೀಳುತ್ತಿತ್ತು.

ತಿಳಿದವರನ್ನು ಕೇಳೋಣ ಎಂದುಕೊಂಡೆ. ಮೊದಲು ಸಿಕ್ಕವನು ಕಂಬಳಿ ಮಾರುವುದಕ್ಕೆ ಬರುತ್ತಿದ್ದ ಕುರಿಗಾರ, ಬೀರಪ್ಪನ ಭಕ್ತ. ಕುರಿಯ ಜಡ್ಡು ಅವನಷ್ಟು ಬಲ್ಲವರು ನಮ್ಮ ಸುತ್ತಿನಲ್ಲಿ ಇರಲಿಲ್ಲ. ಅವನು ಗಿಡವನ್ನು ಕತ್ತೆತ್ತಿ ನೋಡಿ, "ನನ್ನ ಕುರಿ ಇದನ್ನ ಮೂಸಿ ಸುದ್ದಾ ನೋಡಂಗಿಲ್ಲ. ಆದ್ರ ಕುರಿ ಬ್ಯಾರೆ, ಬೆಕ್ಕು ಬ್ಯಾರೆ. ಬೆಕ್ಕಿನ ಸುದ್ದಿ ನನಗ ಹತ್ತಂಗಿಲ್ಲಪಾ," ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ. ಅದಕ್ಕೆ ಅವನ ಮೇಲೆ ನನಗೆ ಈಗಲೂ ಸಿಟ್ಟಿಲ್ಲ.

ಹುನಗುಂದದ ದವಾಖಾನೆಗೆ ಬೆಕ್ಕನ್ನೇ ಒಯ್ದೆ. ಅದೇ ಬುಟ್ಟಿ, ಅದೇ ಖಣದ ತುಂಡು. ಚಕ್ಕಡಿಯಲ್ಲಿದ್ದವರೆಲ್ಲ ಬುಟ್ಟಿಯಲ್ಲಿ ಕೋಳಿ ಇದೆ ಎಂದುಕೊಂಡಿದ್ದರು, ಮ್ಯಾಂವ್ ಎಂದ ಕೂಡಲೇ ಅಪಶಕುನ ಎಂದು ನನ್ನನ್ನು ಹಿಂದಕ್ಕೆ ಸರಿಸಿದರು. ದವಾಖಾನೆಯ ಕಂಪೌಂಡರ ಬುಟ್ಟಿ ಬಿಚ್ಚಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ಮಂದಿ ದವಾಖಾನಿ. ಈ ಪೇಶಂಟನ ಅಪ್ಪನ ಹೆಸರು ಏನಂತ ಬರೀಲಿ?"

"ನನ್ನ ಹೆಸರ ಬರ್ಕೋರಿ. ಲೋಳಸರ ಬೆಕ್ಕಿಗೆ ವಿಷ ಹೌದೋ ಅಲ್ಲೋ, ಅಷ್ಟ ಹೇಳ್ರಿ."

"ಲೋಳಸರ? ಸುಟ್ಟಗಾಯಕ್ಕ ಭಾಳ ಚಲೋ. ಹೆಣ್ಮಕ್ಕಳು ತಲಿಗೆ ಹಚ್ಚಿಕೊಂಡ್ರ ಕೂದಲಾ ಉದ್ದ ಬೆಳೀತಾವ."

ಬೆಕ್ಕಿಗೆ ಕೂದಲು ಉದ್ದ ಬೆಳೆಯಬೇಕಾಗಿಲ್ಲ ಎಂದೆ. ಸಾಲಿನಲ್ಲಿ ಕುಳಿತಿದ್ದ ರೋಗಿಗಳೂ ನಕ್ಕರು. ಕೆಮ್ಮುತ್ತಿದ್ದ ಮುದುಕನೊಬ್ಬ ಕೆಮ್ಮು ಬಿಟ್ಟು ನಕ್ಕ. ಬೆಕ್ಕು ಮಾತ್ರ ನನ್ನ ಪಕ್ಷ ವಹಿಸಿ ಕಂಪೌಂಡರನ ಬೆಂಚಿನ ಮೇಲೆ ಕಾರಿತು. ನಮ್ಮಿಬ್ಬರನ್ನೂ ಹೊರಗೆ ಹಾಕಿದರು.

ಮನೆಗೆ ಬಂದೆ. ಬಾಗಿಲಲ್ಲಿ ಅವ್ವ ಎಲೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಬಿಸಿಲಿನಲ್ಲಿ ಬಂದ ತಲೆ, ನಗೆಪಾಟಲಾದ ಸಂಕಟ, ಬುಟ್ಟಿಯೊಳಗೆ ನರಳುವ ಜೀವ. ನನಗೆ ಏನಾಯಿತೋ, ಒಂದೇ ಏಟಿಗೆ ಕರಿದಾರ ಕಿತ್ತು, ಗಿಡವನ್ನು ಎತ್ತಿ ಎದುರಿನ ತಿಪ್ಪೆಗೆ ಒಗೆದೆ.

"ನಿಮ್ಮಪ್ಪ ಕಟ್ಟಿದ್ದೋ ಅದು," ಎಂದಳು ಅವ್ವ. ಬೈಯಲಿಲ್ಲ, ಅಳಲಿಲ್ಲ. ಹೋಗಿ ತಿಪ್ಪೆಯಿಂದ ಅದನ್ನು ಆರಿಸಿಕೊಂಡು, ಎಲೆ ಎಲೆಯನ್ನೂ ತೊಳೆದು, ಸೆರಗಿನಲ್ಲಿ ಒರೆಸಿ, ಬೆಕ್ಕಿಗೆ ಸಿಗದಂತೆ ಗಡಿಗೆಯೊಂದರಲ್ಲಿ ಮುಚ್ಚಿ ಮಾಳಿಗೆಯ ಮೇಲೆ ಇಟ್ಟಳು.

ರೇಷ್ಮೆ ತರಲು ಹೇಗೂ ಬಾಗಲಕೋಟೆಗೆ ಹೋಗಬೇಕಿತ್ತು. ಮರುದಿನ ಹೊರಟೆ. ಬೆಕ್ಕನ್ನು ಒಯ್ಯಲು ಹೆಂಡತಿ ಬಿಡಲಿಲ್ಲ. "ದಾರ್‍ಯಾಗ ಸಾಯ್ತದ. ಸತ್ತರ ನನ್ನ ತೊಡಿ ಮ್ಯಾಲ ಸಾಯ್ಲಿ. ನೀವು ಖರೆ ಸಂಗತಿ ಕೇಳ್ಕೊಂಡ ಬರ್ರಿ," ಎಂದಳು. ಕೊನೆಗೆ ನನ್ನ ಮೇಲೆ ಬಿದ್ದ ಭಾರ ಅದು. ಔಷಧ ತಿಳಿದುಕೊಂಡು ಬಂದರೆ ಬೆಕ್ಕು ಉಳಿದೀತು, ಇಲ್ಲವಾದರೆ ಇಲ್ಲ.

ಬಾಗಲಕೋಟೆಯ ಜಾನುವಾರು ಡಾಕ್ಟರ ಅರ್ಧ ಮರಾಠಿ, ಅರ್ಧ ಕನ್ನಡ. ನಾನು ಲೋಳಸರ ಎನ್ನುವಷ್ಟರಲ್ಲಿಯೇ ಮಾತು ಹಿಡಿದ. "ಉತ್ತಮ ಔಷಧ. ಹೊಟ್ಟಿ ಕಟ್ಟಿದ ಘೋಡಾಕ್ಕ ನಾವು ಅದನ್ನ ಕೊಡ್ತೇವಿ. ಮರುದಿನ ಲಾಯ ತೊಳೀಲಿಕ್ಕೆ ನಾಕ ಮಂದಿ ಬೇಕು!"

"ನಂದು ಕುದರಿ ಅಲ್ರಿ ಸಾಹೇಬ್ರ, ಬೆಕ್ಕು."

"ಬೆಕ್ಕು?" ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬೆಕ್ಕಿಗೆ ಯಾರರ ಔಷಧ ಕೊಡ್ತಾರೇನು? ಅದು ಸತ್ತರ ಇನ್ನೊಂದು ತಾನ ಬರ್ತದ."

ಲಾಯ ತೊಳೆಯುವ ಮಾತನ್ನು ನಾನು ಸ್ವಲ್ಪ ನಿಂತು ಯೋಚಿಸಿದ್ದರೆ ಅಲ್ಲಿಯೇ ಎಲ್ಲ ತಿಳಿಯುತ್ತಿತ್ತು. ಆದರೆ ಇನ್ನೊಂದು ತಾನೇ ಬರುತ್ತದೆ ಎಂದ ಮಾತಿಗೆ ನನ್ನ ತಲೆ ಕೆಟ್ಟುಹೋಗಿತ್ತು. ಸಿಟ್ಟು ಬಂದಾಗ ನನ್ನ ಕಿವಿ ಮುಚ್ಚುತ್ತದೆ, ಬಾಯಿ ತೆರೆಯುತ್ತದೆ. ಅಲ್ಲಿಂದಲೂ ಹೊರಬಿದ್ದೆ. ರೇಷ್ಮೆ ಅಂಗಡಿಯಲ್ಲಿ ಕುಳಿತು ಗೋಳು ತೋಡಿಕೊಂಡಾಗ, ಬಾದಾಮಿಯಲ್ಲಿ ಒಬ್ಬ ಮುದಿ ಹಕೀಮರಿದ್ದಾರೆ, ಗಿಡಮೂಲಿಕೆ ಅವರಿಗೆ ಅಂಗೈ ಗೆರೆ ಇದ್ದಂತೆ ಎಂದು ಅಲ್ಲಿದ್ದವರು ಹೇಳಿದರು. ರೈಲು ಹತ್ತಿದೆ.

ಹಕೀಮರ ಮನೆ ಬಾದಾಮಿಯ ಕೆರೆಯ ಈಚೆ, ಕೆಂಪು ಗುಡ್ಡದ ಬುಡದಲ್ಲಿ. ಎಷ್ಟೋ ತಲೆಮಾರಿನಿಂದ ಅಲ್ಲಿಯೇ ಇದ್ದವರು. ಅಂಗಳದ ತುಂಬ ಒಡಕು ಗಡಿಗೆಗಳಲ್ಲಿ ಗಿಡ, ಆ ಗಡಿಗೆಗಳ ನಡುವೆ ಮೂರು ಬೆಕ್ಕು. ಒಂದಂತೂ ಲೋಳೆಸರದ ಬುಡಕ್ಕೇ ಒರಗಿ ಬಿಸಿಲು ಕಾಯಿಸುತ್ತಿತ್ತು. ಇದನ್ನು ನೋಡುವುದಕ್ಕೆ ಇಷ್ಟು ದೂರ ಬಂದೆನೇ?

ಅವರು ನಗಲಿಲ್ಲ. ಚಾಪೆ ಹಾಸಿ ಕೂಡಿಸಿ, ನನ್ನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಒಂದು ಎಲೆ ಮುರಿದು ನನ್ನ ಮುಂದೆ ಹಿಡಿದರು.

"ನಡುವಿನ ಬಿಳಿ ತಿರುಳು ತಂಪು. ಇದರ ತಂಟಿ ಇಲ್ಲ. ಸಿಪ್ಪಿ ಕೆಳಗ ಈ ಹಳದಿ ನೀರು ಇಳೀತದ ನೋಡು, ಇದು ಕೆಟ್ಟದ್ದು. ಮನಷ್ಯಾಗ ಜುಲಾಬ ಆಗ್ತದ. ಬೆಕ್ಕಿಗಂತೂ ಬ್ಯಾಡs ಬ್ಯಾಡ. ಕಾರ್ತದ, ಭೇದಿ ಆಗ್ತದ, ಸೊರಗಿ ಹೋಗ್ತದ."

"ಹಂಗಾದ್ರ ಗಿಡದಿಂದನs ಆತಲ್ರಿ?"

"ತಡಿ. ನೆಕ್ಕಿ ನೋಡು."

ನಾಲಿಗೆಗೆ ಮುಟ್ಟಿಸಿದೆ. ಎಂಥ ಕಹಿ! ಎಲ್ಲೋ ಪರಿಚಯದ ಕಹಿ.

"ಇಷ್ಟ ಕಹಿ ಇದ್ದದ್ದನ್ನ ಬೆಕ್ಕು ಒಮ್ಮೆ ಕಚ್ಚಿದ್ರ ಮತ್ತ ಬಾಯಿ ಹಾಕಂಗಿಲ್ಲ. ಒಂದ ಸಲ ಕಚ್ಚಿದ್ದಕ್ಕ ಒಂದ ದಿನ ಕಾರಬೇಕು. ನೀ ತಿಂಗಳಾತು ಅಂತಿ. ದಿನಾ ಅದರ ಹೊಟ್ಟಿಗೆ ಹೋಗಲಿಕ್ಕತ್ತೇತಿ. ಅದು ಎಲ್ಲಿ ಮಲಗ್ತದ?"

"ಮಗ್ಗದ ಕುಣ್ಯಾಗ್ರಿ."

"ನಿನ್ನ ಹೊಟ್ಟಿ ಹೆಂಗೈತಿ?"

ನನ್ನ ಹೊಟ್ಟೆಯ ವಿಚಾರ ಈ ಮುದುಕರಿಗೆ ಯಾರು ಹೇಳಿದರು? ಅವರು ಒಳಗಿನಿಂದ ಒಂದು ಡಬ್ಬಿ ತಂದು ತೆರೆದರು. ಒಳಗೆ ಕಲ್ಲಿನಂಥ ಕಪ್ಪು ಗಟ್ಟಿ, ಹೊಳೆಯುತ್ತಿತ್ತು.

"ಆ ಹಳದಿ ನೀರು ಕುದಿಸಿ ಒಣಗಿಸಿದ್ರ ಇದು ಆಗ್ತದ. ನಾವು ಮುಸಬ್ಬರ ಅಂತೇವಿ. ನಿಮ್ಮ ಮಂದಿ ಕರಿಬೋಳ ಅಂತಾರ. ಮನ್ಯಾಗ ಎಲ್ಲರ ಇಟ್ಟೀರೇನು?"

ನಾನು ಏನು ಹೇಳಿದೆನೋ ನೆನಪಿಲ್ಲ. ಕಣ್ಣ ಮುಂದೆ ನನ್ನ ಮಗ್ಗ ಬಂತು. ಮಗ್ಗ ಬಡಿದಾಗಲೆಲ್ಲ ಹಾಸಿನ ಗಂಜಿ ಪುಡಿಪುಡಿಯಾಗಿ ಕುಣಿಗೆ ಉದುರುತ್ತದೆ; ದಿನ ಮುಗಿಯುವ ಹೊತ್ತಿಗೆ ನನ್ನ ಪಾದಗಳು ಅದರಲ್ಲಿ ಬೂದಿ ಬಳಿದಂತೆ ಆಗಿರುತ್ತವೆ. ಆ ಪಾದಗಳ ಪಕ್ಕದಲ್ಲಿ ಬೆಕ್ಕು. ಕಹಿಯೆಂದು ಅದು ಗಿಡವನ್ನು ಬಿಟ್ಟೀತು, ಆದರೆ ತನ್ನ ಮೈಯನ್ನು ನೆಕ್ಕುವುದು ಬಿಡುವುದಿಲ್ಲ. ನೇಯುವಾಗ ಹರಿದ ಎಳೆ ಕೂಡಿಸಲು ಬೆರಳು ನೆಕ್ಕಿ ನೆಕ್ಕಿ ನಾನೂ ಅದನ್ನೇ ತಿಂದಿದ್ದೆ. ಒಂದು ತಿಂಗಳು ಬೆಕ್ಕಿಗೆ ನನ್ನ ಕೈಯಾರೆ ವಿಷ ಉಣಿಸಿ, ಗಿಡದ ಮೇಲೆ ಹೊರಿಸಿ, ಊರೂರು ಅಲೆದು, ಸಿಕ್ಕವರನ್ನೆಲ್ಲ ದಡ್ಡರೆಂದು ಬೈದಿದ್ದೆ. ಆ ಅಂಗಳದಲ್ಲಿ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಮತ್ತೆ ಯಾರ ಮೇಲೂ ಬಂದಿಲ್ಲ.

"ಮೈ ಒರಸಿ, ಮಜ್ಜಿಗಿ ಹಾಕ್ರಿ, ಆ ಜಾಗಾದಾಗ ಮಲಗಸಬ್ಯಾಡ್ರಿ. ಜೀವ ಇದ್ರ ಉಳೀತದ," ಎಂದರು ಹಕೀಮರು.

ಬಾದಾಮಿಯಿಂದ ಇಳಕಲ್ಲಿಗೆ ಬರುವ ದಾರಿಯುದ್ದಕ್ಕೂ, ರೈಲಿನಲ್ಲೂ ಚಕ್ಕಡಿಯಲ್ಲೂ, ಅವ್ವನ ಮುಂದೆ ಏನು ಹೇಳಬೇಕೆಂದು ಮಾತು ಜೋಡಿಸಿದೆ. ತಪ್ಪು ನಂದು, ಗಿಡದ್ದಲ್ಲ. ಆ ಗಡಿಗೆ ಕೊಡು, ನಾನೇ ಕಟ್ಟುತ್ತೇನೆ. ಇಷ್ಟೇ ಮಾತು. ಮರಳುವಾಗ ಬಾಗಲಕೋಟೆಯಲ್ಲಿ ಇಳಿದು ಹೊಸ ಕರಿದಾರವನ್ನೂ ಕೊಂಡಿದ್ದೆ.

ಬಾಗಿಲಲ್ಲಿ ಬೆಕ್ಕು ಕುಳಿತಿತ್ತು. ಬಡಕಲಾಗಿತ್ತು, ಆದರೆ ಬಾಲ ಎತ್ತಿ ಬಂದು ನನ್ನ ಕಾಲಿಗೆ ಮೈ ಉಜ್ಜಿತು. ನಾನಿಲ್ಲದ ಐದು ದಿನ ಮಗ್ಗ ನಡೆದಿರಲಿಲ್ಲ, ಗಂಜಿ ಉದುರಿರಲಿಲ್ಲ, ಹೆಂಡತಿ ಅದನ್ನು ತೊಡೆಯಿಂದ ಇಳಿಸಿರಲಿಲ್ಲ. ಕಟ್ಟೆಯ ಮೇಲೆ ಓಣಿಯ ನಾಲ್ಕು ಹೆಂಗಸರ ನಡುವೆ ಅವ್ವ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ಬಂದಳು. ಅವಳ ಮುಖ ಸಣ್ಣದಾಗಿತ್ತು.

"ನೀ ಹೇಳಿದ್ದs ಖರೆ ಆತು ನೋಡಪಾ," ಎಂದಳು. "ಗಿಡ ಇಳಿಸಿದ ಮರುದಿನದಿಂದನs ಅದಕ್ಕ ಆರಾಮಾತು. ನಾನs ಹಟ ಮಾಡಿದ್ನಿ. ಒಂದ ಮೂಕಜೀವ ಸಾಯಸ್ತಿದ್ನಿ." ಬೆಕ್ಕಿನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. "ನಿನ್ನೆ ಅದನ್ನ ಹಳ್ಳಕ್ಕ ಬಿಟ್ಟ ಬಂದ್ನಿ. ಹೋಗ್ಲಿ. ನಿಮ್ಮಪ್ಪಗ ಗೊತ್ತಿದ್ರ ಅವನೂ ಕಟ್ಟತಿರಲಿಲ್ಲ."

ಜೇಬಿನೊಳಗೆ ಕರಿದಾರ ಇತ್ತು. ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರ ಮುಂದೆ ಮನೆಯ ಗಂಜಿಯ ಮಾತು ಎತ್ತುವುದೇ? ಅಪ್ಪ ಕೈ ಹಿಡಿದು ಹೇಳಿದ್ದಕ್ಕೆ ಹೂಂ ಎಂದವನು ಅವನ ಹದ ಕೆಡಿಸಿದೆ ಎಂದು, ಆ ಮಾತನ್ನು ಕಿವಿಯಾರೆ ಕೇಳಿದ್ದ ಅವ್ವನ ಎದುರಿಗೇ ಹೇಳುವುದೇ? "ಇರ್ಲಿ ಬಿಡವ್ವಾ," ಎಂದೆ. ಅಷ್ಟೇ ಹೊರಟಿತು.

ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಹೆಂಡತಿ ನೀರು ಹಾಕಲು ಬಂದಳು.

"ನೀವು ಹೋದ ಮ್ಯಾಲ ಹಾಸಿನಾಗ ಹರಿದದ್ದು ಎರಡ ಎಳಿ ಕೂಡಸಿದ್ನಿ," ಎಂದಳು ಮೆಲ್ಲಗೆ. "ಬೆರಳು ನೆಕ್ಕಿದ್ನಿ. ಆ ಕಹಿ ನನಗ ಗೊತ್ತಿಲ್ಲೇನ್ರಿ? ಎದಿಗೆ ಹಚ್ಚಿಕೊಂಡಾಕಿ ನಾ."

ನಾನು ಬಗ್ಗಿ ಹಿಮ್ಮಡಿ ಉಜ್ಜುತ್ತಲೇ ಇದ್ದೆ.

"ಊರಾಗಿನ ಮಂದಿನೆಲ್ಲಾ ಕೇಳಿ ಬಂದ್ರಿ. ಮನ್ಯಾಗ ಒಂದ ಮಾತ ಹೇಳಿದ್ರ ಆಗ್ತಿತ್ತು."

"ಅವ್ವಗ ಹೇಳಿಯೇನು?"

"ನಾ ಹೇಳಿದ್ರ ಸೊಸಿ ಮಾತಾಗ್ತದ. ನೀವs ಹೇಳ್ರಿ."

"ನಾಳೆ ಹೇಳ್ತೇನಿ," ಎಂದೆ.

ಕುಣಿ ತೊಳೆದು ಸಾರಿಸಿದೆ. ಉಳಿದ ಕರಿಬೋಳವನ್ನು ಹಳ್ಳಕ್ಕೆ ಎಸೆದೆ. ಆ ನೆವದಲ್ಲಿ ದಂಡೆಗುಂಟ ಗಿಡ ಹುಡುಕಿದೆ, ಸಿಗಲಿಲ್ಲ. ಬೇರೆ ಲೋಳೆಸರ ತಂದು ಕಟ್ಟಿದರಾಯಿತು ಎಂದುಕೊಂಡರೆ, ಅವ್ವ ಅದರ ಹೆಸರೆತ್ತಲೂ ಬಿಡಲಿಲ್ಲ. ಬೆಕ್ಕು ಮತ್ತೆ ಮೈ ತುಂಬಿಕೊಂಡಿತು, ಎಷ್ಟೋ ವರ್ಷ ಬದುಕಿತು, ಆದರೆ ಕುಣಿಗೆ ಮಾತ್ರ ಇಳಿಯಲಿಲ್ಲ. ನಾನು ಎತ್ತಿ ಇಟ್ಟರೂ ಜಿಗಿದು ಹೋಗುತ್ತಿತ್ತು. ಅದಕ್ಕೆ ಎಲ್ಲ ಗೊತ್ತಿತ್ತು ಎಂದು ನನಗೆ ಅನಿಸುತ್ತಿತ್ತು.

ಅವ್ವ ಮುಂದೆ ಒಂಬತ್ತು ವರ್ಷ ಇದ್ದಳು. ಓಣಿಗೆ ಹೊಸ ಸೊಸೆ ಬಂದರೆ ಸಾಕು, ಬೆಕ್ಕಿದ್ದ ಮನೆಯಲ್ಲಿ ಲೋಳಸರ ಕಟ್ಟಬ್ಯಾಡ್ರೆವ್ವಾ, ನನ್ನ ಕೈಲೆ ತಪ್ಪಾಗಿತ್ತು ಎಂದು ಹೇಳುವಳು. ಅವಳ ಮಾತು ಕೇಳಿ ಎಷ್ಟೋ ಬಾಗಿಲುಗಳಿಂದ ಗಿಡ ಇಳಿದವು. ಕೇಳಿದವರೆಲ್ಲ ನನ್ನ ಕಡೆ ನೋಡುವರು, ನಾನು ಲಾಳಿ ಎಸೆಯುತ್ತಾ ಇರುವೆ. ದಿನಾಲೂ ನಾಳೆ ಎನ್ನುವುದು ರೂಢಿಯಾಯಿತು. ಹೆಂಡತಿ ಒಂದೆರಡು ವರ್ಷ ನೆನಪು ಮಾಡಿಕೊಟ್ಟಳು, ಆಮೇಲೆ ಬಿಟ್ಟಳು.

ಆದರೆ ಅವ್ವನ ಕೈಗೆ ಮಾತ್ರ ರೂಢಿ ತಪ್ಪಲಿಲ್ಲ. ಹೊಸ್ತಿಲು ದಾಟುವಾಗ ಮೇಲಕ್ಕೆ ಏಳುವುದು, ಅಲ್ಲಿ ಏನೂ ಇಲ್ಲವೆಂದು ತಿಳಿದು ಇಳಿಯುವುದು. ಅವಳು ನಾಚಿಕೊಂಡು ಸೆರಗು ಸರಿಪಡಿಸಿಕೊಂಡಂತೆ ಮಾಡುವಳು. ನಾನು ಈಗ ರೇಗುತ್ತಿರಲಿಲ್ಲ.

ಕೊನೆಯ ಬೇಸಿಗೆಯಲ್ಲಿ ಅವಳಿಗೆ ನಡೆಯಲು ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ, ಕಟ್ಟೆಯ ಮೇಲೆ ಗಾಳಿಗೆ ಕೂಡಿಸು ಎಂದಳು. ಎತ್ತಿಕೊಂಡೆ. ಮಗುವಿನಷ್ಟು ಹಗುರ. ಬಾಗಿಲು ದಾಟುವಾಗ, ನನ್ನ ತೋಳಿನ ಎತ್ತರದಿಂದ, ಅವಳ ಕೈ ಮೇಲೆದ್ದು ಆ ಮೊಳೆಗೆ ಮುಟ್ಟಿತು. ಬೆರಳಿಗೆ ತುಕ್ಕು ಹತ್ತಿತು. ಅದನ್ನೇ ಕಣ್ಣಿಗೆ ಒತ್ತಿಕೊಂಡಳು.

"ನಿಮ್ಮಪ್ಪಗ ಹೇಳ್ತೇನಿ," ಎಂದಳು, "ತಪ್ಪು ನಂದs ಇತ್ತು ಅಂತ."

ನಾನು ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ಬೆನ್ನಿಗೆ ದಿಂಬು ಕೊಟ್ಟೆ. ಆಗಲೂ ಹೇಳಲಿಲ್ಲ.